ಲಾಗ್ ಟೇಬಲ್ಲೂ ಅಣಶಿಯ ಬಿದಿರೂ

ಕಳೆದ ವಾರ ಊರಿಗೆ ಹೋಗಿದ್ದೆ. ನಮ್ಮೂರು ಅಣಶಿ, ಜೋಯಿಡಾದಿಂದ ಕದ್ರಾ ಕಡೆ ಇಳಿಯುವ ಘಟ್ಟದ ನೆತ್ತಿಯಲ್ಲಿದೆ. ಜೋರು ಮಳೆ, ಕರೆಂಟಿಲ್ಲ. ಪಿಯುಸಿ ಓದುವ ಚಿಕ್ಕಪ್ಪನ ಮಗಳು ಲಾಗ್ ಟೇಬಲ್ ಹಿಡಿದು ಕೂತಿದ್ದಳು. "ಅಣ್ಣಾ, ಲಾಗ್ 2 ಅಂದ್ರೆ 0.3010. ಯಾಕೆ?"

ಹತ್ತು ವರ್ಷದ ಹಿಂದೆ ನಾನೂ ಇದನ್ನೇ ಕೇಳಿದ್ದೆ. "ಟೇಬಲ್ಲಲ್ಲಿ ಹಾಗಿದೆ, ಬರ್ಕೋ" ಅಂದಿದ್ದರು ಲೆಕ್ಚರರು. ಬರ್ಕೊಂಡೆ, ಪಾಸಾದೆ, ಇಂಜಿನಿಯರೂ ಆದೆ! ಪಂಚಾಂಗ ನೋಡಿದ ಹಾಗೆ ಅಡ್ಡಸಾಲು, ಉದ್ದಸಾಲು, ಮೀನ್ ಡಿಫರೆನ್ಸು, ತಲೆ ಮೇಲೊಂದು ಬಾರ್... ಇದಕ್ಕೆ ಗಣಿತ ಅಂತ ಹೆಸರು. ಸಿಟ್ಟು ಬರೋದು ಇಲ್ಲೇ ನೋಡಿ.

ಜಗಲಿಯಲ್ಲಿ ಚಿಕ್ಕಪ್ಪ ಬುಟ್ಟಿಗೆ ಬಿದಿರು ಸೀಳ್ತಿದ್ದರು. ಒಂದು ಎರಡಾಗತ್ತೆ, ಎರಡು ನಾಲ್ಕು, ಆಮೇಲೆ ಎಂಟು. "16 ಸೀಳಿಗೆ ಎಷ್ಟು ಸುತ್ತು?" ಅಂದೆ. "ನಾಲ್ಕು." ಅಷ್ಟೇ ಕಣೇ ಲಾಗ್ ಅಂದರೆ, ಬೇಸ್ 2. 4ಕ್ಕೆ ಎರಡು ಸುತ್ತು, 16ಕ್ಕೆ ನಾಲ್ಕು, ಅವೆರಡರ ಗುಣಲಬ್ಧ 64ಕ್ಕೆ ಆರು. ಗುಣಾಕಾರ ಕೂಡೋ ಲೆಕ್ಕವಾಯ್ತು. ಹತ್ತು ಸುತ್ತಿಗೆ 1024, ಹೆಚ್ಚುಕಮ್ಮಿ ಸಾವಿರ. ಸಾವಿರ ಅಂದರೆ ಮೂರು ಹತ್ತುಗಳ ಗುಣಲಬ್ಧ. ಹತ್ತು ಸಲ ಎರಡು ಮಾಡುವ ಕೆಲಸ ಮೂರು ಹತ್ತಿಗೆ ಸಮವಾದರೆ, ಒಂದು ಎರಡಕ್ಕೆ 0.3. ಉಳಿದ ಚೂರು ಆ 24ರದ್ದು. ಐದು ನಿಮಿಷದ ಮಾತು ಸ್ವಾಮಿ ಇದು!

ಪುಸ್ತಕದಲ್ಲಿ ಇದಕ್ಕೆ 'ಲಘುಗಣಕ' ಅಂತಾರೆ. ಕೇಳಿದರೆ ಜೇಬಲ್ಲಿಡೋ ಕಂಪ್ಯೂಟರ್ ಅನ್ನಿಸತ್ತೆ. ಸುಮಾರು 1200 ವರ್ಷದ ಹಿಂದೆ ಜೈನ ಆಚಾರ್ಯ ವೀರಸೇನರು 'ಧವಳಾ' ಟೀಕೆಯಲ್ಲಿ ಬಳಸಿದ ಪದ 'ಅರ್ಧಚ್ಛೇದ'. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದು ಅನ್ನೋ ಲೆಕ್ಕ. ಮೂರರಿಂದ ಭಾಗಿಸಿದರೆ ತ್ರಿಕಚ್ಛೇದ. ಹೆಸರಲ್ಲೇ ಅರ್ಥ ಇದೆ! ಆ ಗ್ರಂಥ ಉಳಿದದ್ದು ನಮ್ಮ ಮೂಡುಬಿದಿರೆಯಲ್ಲಿ, ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ. ಅಚ್ಚಾಗಲು ಶುರುವಾದದ್ದು 1939ರಲ್ಲಿ. ನನಗೆ ಇದು ಗೊತ್ತಾದದ್ದು ಕೆಲಸಕ್ಕೆ ಸೇರಿದ ಮೇಲೆ, ಅದೂ ಇಂಗ್ಲಿಷಲ್ಲಿ ಓದಿ.

'ನೋಡಿ, ಎಲ್ಲಾ ನಮ್ಮಲ್ಲೇ ಇತ್ತು' ಅಂತ ಕಾಮೆಂಟ್ ಹಾಕಲು ಹೊರಟವರು ಸ್ವಲ್ಪ ತಡೀರಿ. ವೀರಸೇನರು ಕೋಷ್ಟಕ ಮಾಡಲಿಲ್ಲ. ಖಗೋಳದವರ ಗುಣಾಕಾರದ ಕಷ್ಟ ಇಳಿಸಲು 1614ರಲ್ಲಿ ಅದನ್ನು ಪ್ರಕಟಿಸಿದವನು ನೇಪಿಯರ್. ಹತ್ತರ ಬೇಸಿಗೆ ತಂದವನು ಬ್ರಿಗ್ಸ್. ಆ ಕೋಷ್ಟಕದ ಕೆಲಸವನ್ನು ಈಗ ಕ್ಯಾಲ್ಕುಲೇಟರ್ ಮಾಡತ್ತೆ. ಅರ್ಧ ಮಾಡುವ ಯೋಚನೆ ಮಾತ್ರ ನನಗೆ ದಿನಾ ಬೇಕು: ಅಕಾರಾದಿಯಲ್ಲಿರುವ ಹತ್ತು ಲಕ್ಷ ಹೆಸರಲ್ಲಿ ಒಂದನ್ನು ಹುಡುಕಲು ಇಪ್ಪತ್ತು ಸಲ ಅರ್ಧ ಮಾಡಿದರೆ ಸಾಕು. ನಾವು ಮಕ್ಕಳಿಗೆ ಕೋಷ್ಟಕ ಕೊಟ್ಟು ಯೋಚನೆಯನ್ನೇ ಕಿತ್ತುಕೊಂಡಿದ್ದೇವೆ.

ಹೊರಡುವಾಗ ಆಕೆ ಬಸ್‌ಸ್ಟಾಪಿನವರೆಗೂ ಬಂದಳು. "ಹಾಗಾದ್ರೆ ಮೂರು ಸೀಳಿಗೆ ಎಷ್ಟು ಸುತ್ತು?" ನಾನು ಬಾಯಿ ಬಿಡುವ ಮೊದಲೇ ಅವಳದ್ದೇ ಲೆಕ್ಕ: ಐದು ಮೂರುಗಳನ್ನು ಗುಣಿಸಿದರೆ 243, ಎಂಟು ಎರಡುಗಳಿಗೆ 256. ಅಂದರೆ ಐದಕ್ಕೆ ಎಂಟು ಸುತ್ತು. "1.6ಕ್ಕಿಂತ ಚೂರು ಕಮ್ಮಿ, ಅಲ್ವಾ?"

ಬಸ್ಸಲ್ಲಿ ಮೊಬೈಲ್ ತೆಗೆದು ನೋಡಿದೆ. 1.585.