ನಕ್ಷೆ ಸುಟ್ಟರು, ಆದರೂ ಯಂತ್ರ ಮರಳಿ ಬಂತು: ಕೊಲೋಸಸ್ ಕಲಿಸುವ ಪಾಠ ಏನು?

ಬ್ರಿಟನ್ನಿನ ಬ್ಲೆಚ್ಲಿ ಪಾರ್ಕ್‌ನಲ್ಲಿರೋ ಕಂಪ್ಯೂಟರ್ ಮ್ಯೂಸಿಯಂನಲ್ಲಿ ಒಂದು ಕೋಣೆ ತುಂಬುವಷ್ಟು ದೊಡ್ಡ ಯಂತ್ರವಿದೆ. ಹೆಸರು ಕೊಲೋಸಸ್. ಹಳೆ ರೇಡಿಯೊದಲ್ಲಿ ಇರುತ್ತಿದ್ದಂಥ ವಾಲ್ವ್‌ಗಳು ಸುಮಾರು 2,500. ಚಕ್ರಗಳ ಮೇಲೆ ತೂತು ಕೊರೆದ ಕಾಗದದ ಟೇಪ್ ಸರ್ರನೆ ಓಡುತ್ತದೆ. ಆದರೆ ಇದು ಯುದ್ಧಕಾಲದ ಅಸಲಿ ಯಂತ್ರ ಅಲ್ಲ. ಅಸಲಿಯನ್ನು ಅಲ್ಲಿನ ಸರ್ಕಾರವೇ ಬಿಚ್ಚಿಸಿ ಹಾಕಿತ್ತು!

ಎರಡನೇ ಮಹಾಯುದ್ಧದಲ್ಲಿ ಹಿಟ್ಲರನ ಸೇನೆಯ ಮೇಲಧಿಕಾರಿಗಳು ಲೊರೆನ್ಜ್ ಎಂಬ ಯಂತ್ರದ ಮೂಲಕ ಗುಪ್ತ ಸಂದೇಶ ಕಳಿಸುತ್ತಿದ್ದರು. ಅದನ್ನು ಭೇದಿಸಲು ಕೊಲೋಸಸ್ ಕಟ್ಟಿದ್ದು ಅಂಚೆ ಇಲಾಖೆಯ ಎಂಜಿನಿಯರ್ ಟಾಮಿ ಫ್ಲವರ್ಸ್. ಅಷ್ಟೊಂದು ವಾಲ್ವ್ ಒಟ್ಟಿಗೆ ಕೆಲಸ ಮಾಡಲ್ಲ, ದಿನಾ ಕೆಡುತ್ತೆ ಅಂತ ಅನುಮಾನಪಟ್ಟವರೇ ಹೆಚ್ಚು. ಆಗಾಗ ಆಫ್ ಮಾಡದಿದ್ದರೆ ವಾಲ್ವ್ ಬಾಳಿಕೆ ಬರುತ್ತೆ ಅನ್ನೋದು ಟೆಲಿಫೋನ್ ಎಕ್ಸ್‌ಚೇಂಜ್ ಕೆಲಸದಿಂದ ಫ್ಲವರ್ಸ್‌ಗೆ ಗೊತ್ತಿತ್ತು. 1944ರ ಆರಂಭದಲ್ಲಿ ಮೊದಲ ಯಂತ್ರ ಬ್ಲೆಚ್ಲಿಗೆ ಬಂತು. ಸೆಕೆಂಡಿಗೆ 5,000 ಅಕ್ಷರ ಓದುತ್ತಿತ್ತು. ಯುದ್ಧ ಮುಗಿಯುವಷ್ಟರಲ್ಲಿ ಇಂಥ 10 ಯಂತ್ರ ಇದ್ದವು.

ಆಮೇಲೆ ಆಗಿದ್ದೇ ಬೇರೆ. 8 ಯಂತ್ರ ಬಿಚ್ಚಿದರು. ಗುಪ್ತಚರ ಸಂಸ್ಥೆಯ ಬಳಿ ಉಳಿದಿದ್ದ 2 ಯಂತ್ರಗಳೂ 1960ರ ಹೊತ್ತಿಗೆ ಹೋದವು. ನಕ್ಷೆಗಳನ್ನು ಸುಡುವಂತೆ ಫ್ಲವರ್ಸ್‌ಗೇ ಆದೇಶ ಬಂತು, ಅವರು ಸುಟ್ಟರು. 1970ರ ದಶಕದವರೆಗೆ ಹೊರಗಿನವರಿಗೆ ವಿಷಯವೇ ಗೊತ್ತಿರಲಿಲ್ಲ. ಅಷ್ಟರಲ್ಲಿ ಮೊದಲ ಎಲೆಕ್ಟ್ರಾನಿಕ್ ಕಂಪ್ಯೂಟರ್ ಎಂಬ ಹೆಸರು ಅಮೆರಿಕದ ಎನಿಯಾಕ್ ಪಾಲಾಗಿತ್ತು.

1993ರಲ್ಲಿ ಟೋನಿ ಸೇಲ್ ಎಂಬ ಎಂಜಿನಿಯರ್ ಮತ್ತೆ ಕಟ್ಟೋಕೆ ಹೊರಟಾಗ ಕೈಯಲ್ಲಿದ್ದದ್ದು ಕೆಲವೇ ಫೋಟೊ. ಜೊತೆಗೆ, ನಿಯಮ ಮೀರಿ ಕೆಲ ಎಂಜಿನಿಯರ್‌ಗಳು ಮನೆಯಲ್ಲಿ ಇಟ್ಟುಕೊಂಡಿದ್ದ ಸರ್ಕ್ಯೂಟ್ ಚಿತ್ರದ ಚೂರುಗಳು. ಮುಚ್ಚುತ್ತಿದ್ದ ಹಳೆ ಟೆಲಿಫೋನ್ ಎಕ್ಸ್‌ಚೇಂಜ್‌ಗಳಿಂದ ಬಿಡಿಭಾಗ ಸಿಕ್ಕವು. ಟೇಪ್ ಓದುವ ಭಾಗವನ್ನು ಮೂಲದಲ್ಲಿ ರೂಪಿಸಿದ್ದ ಆರ್ನಾಲ್ಡ್ ಲಿಂಚ್ ಅವರೇ ಇಳಿವಯಸ್ಸಲ್ಲಿ ಬಂದು ನೆರವಾದರು. 1996ರಲ್ಲಿ ಯಂತ್ರ ಚಾಲೂ ಆದಾಗ ಫ್ಲವರ್ಸ್ ಎದುರಿಗೇ ಇದ್ದರು. ಎರಡು ವರ್ಷದಲ್ಲಿ ಅವರು ತೀರಿಕೊಂಡರು.

ಇಷ್ಟೆಲ್ಲ ಕಷ್ಟ ಯಾಕೆ ಅಂತ ಕೇಳಬಹುದು. 2007ರಲ್ಲಿ ಪಂದ್ಯ ಇಟ್ಟಾಗ ಜರ್ಮನಿಯ ಪ್ರೋಗ್ರಾಮರ್ ಒಬ್ಬರು ತಮ್ಮ ಕಂಪ್ಯೂಟರ್‌ನಲ್ಲಿ ಕೊಲೋಸಸ್‌ಗಿಂತ ಮೊದಲೇ ಸಂದೇಶ ಬಿಡಿಸಿಬಿಟ್ಟರು. ಆದರೆ ಇಲ್ಲಿ ಲೆಕ್ಕಕ್ಕೆ ಬರೋದು ವೇಗ ಅಲ್ಲ. ಹೀಗೊಂದು ಯಂತ್ರ ಇತ್ತು, ಅದು ಹೀಗೇ ಕೆಲಸ ಮಾಡ್ತಿತ್ತು ಅನ್ನೋದಕ್ಕೆ ಓಡುವ ಯಂತ್ರಕ್ಕಿಂತ ದೊಡ್ಡ ಪುರಾವೆ ಇಲ್ಲ.

ಸರ್ಕಾರದ ಆದೇಶ ಎಲ್ಲರೂ ಚಾಚೂತಪ್ಪದೆ ಪಾಲಿಸಿದ್ದರೆ ಇವತ್ತು ಆ ಕೋಣೆ ಖಾಲಿ ಇರುತ್ತಿತ್ತು. ಇನ್ನೊಂದು ಹತ್ತು ವರ್ಷ ತಡ ಮಾಡಿದ್ದರೂ ಫ್ಲವರ್ಸ್ ಅವರನ್ನು ಕೇಳಿ ತಿಳಿಯೋ ಅವಕಾಶ ಇರುತ್ತಿರಲಿಲ್ಲ. ಹಳೆ ಕಾಗದ ಗುಜರಿಗೆ ಹಾಕೋ ಮುಂಚೆ, ಹಳೆ ಕೆಲಸ ಗೊತ್ತಿರೋರು ಇರುವಾಗಲೇ, ಒಮ್ಮೆ ಯೋಚಿಸಬೇಕಾದ ಮಾತಿದು.