ಆ ಸ್ಪಿಟ್‌ಫೈರ್ ನಮ್ಮ ದುಡ್ಡಿನದು

ಸ್ಪಿಟ್‌ಫೈರ್ ಇಂಗ್ಲಿಷರ ವಿಮಾನ ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ವಿನ್ಯಾಸ ಮಾಡಿದವರು ಅವರು, ಒಪ್ಪಿದೆ. ಹಾರಿಸಿದವರು, ಅದರೊಳಗೆ ಸುಟ್ಟು ಸತ್ತವರು ಹೆಚ್ಚಾಗಿ ಅವರೇ, ಅದನ್ನೂ ಒಪ್ಪಿದೆ. ಆದರೆ ದುಡ್ಡು ಯಾರದು ಎಂದು ಕೇಳಿ ನೋಡಿ. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಲಂಡನ್ನಿನಿಂದ ಹೊರಟ ದಾರಿ ಬೀದರ್ ಜಿಲ್ಲೆಯ ಕಪ್ಪು ಮಣ್ಣಿಗೆ ಬಂದು ಮುಟ್ಟುತ್ತದೆ.

ನಾನು ಸಾಯಗಾಂವದವನು. ಭಾಲ್ಕಿ ತಾಲೂಕಿನ ಊರು, ಮಹಾರಾಷ್ಟ್ರದ ಗಡಿಗೆ ಹತ್ತಿರ. ಮನೆಯೊಳಗೆ ಕನ್ನಡ, ಬಜಾರಿನಲ್ಲಿ ಮರಾಠಿ, ಟ್ರಂಕಿನಲ್ಲಿರುವ ಹಳೆಯ ಕಾಗದಗಳಲ್ಲಿ ಉರ್ದು. ಇಲ್ಲಿ ಕೂತು ನಾನು ಪ್ಲಾಸ್ಟಿಕ್ ಯುದ್ಧವಿಮಾನಗಳ ಮಾದರಿ ಕಟ್ಟುತ್ತೇನೆ. ಪೆಟ್ಟಿಗೆ ಪಾರ್ಸಲಿನಲ್ಲಿ ಬರುತ್ತದೆ. ಒಳಗೆ ಚೌಕಟ್ಟಿಗೆ ಅಂಟಿಕೊಂಡಿರುವ ಬೂದು ಬಣ್ಣದ ಬಿಡಿಭಾಗಗಳು, ಒಂದು ಸೂಚನೆಯ ಹಾಳೆ, ನೀರಿನಲ್ಲಿ ನೆನೆಸಿ ಅಂಟಿಸುವ ಡೆಕಾಲ್‌ಗಳ ಇನ್ನೊಂದು ಹಾಳೆ. ಅಳತೆ 1/72, ಅಂದರೆ ನಿಜವಾದ ವಿಮಾನದ ಆರು ಅಡಿ ಇಲ್ಲಿ ಒಂದು ಇಂಚು. ಸ್ಪಿಟ್‌ಫೈರಿನ ರೆಕ್ಕೆಗಳು ತುದಿಯಿಂದ ತುದಿಗೆ 36 ಅಡಿ 10 ಇಂಚು. ನನ್ನ ಮೇಜಿನ ಮೇಲೆ ಅದು ಹದಿನೈದೂವರೆ ಸೆಂಟಿಮೀಟರಿಗೆ ಸ್ವಲ್ಪ ಮೇಲೆ, ಒಂದು ಗೇಣಿಗೂ ಕಡಿಮೆ. ಸೋಯಾ ರಾಶಿಯ ದಿನಗಳಲ್ಲಿ ಬಣ್ಣ ಹಚ್ಚಲೇಬಾರದು. ಹಸಿ ಬಣ್ಣದ ಮೇಲೆ ಊರಿನ ಹೊಟ್ಟೆಲ್ಲ ಬಂದು ಕೂರುತ್ತದೆ.

ಈ ಹವ್ಯಾಸಕ್ಕೆ ಬರುವ ಟೀಕೆಗಳು ಎರಡು. ಒಂದು ಊರಿನದು: ‘ಇಷ್ಟು ದೊಡ್ಡಾಂವಾಗಿ ಹುಡುಗರ ಆಟ ಆಡ್ಲತ್ತಿ’. ಇದಕ್ಕೆ ಉತ್ತರ ಕೊಡುವ ಅಗತ್ಯವಿಲ್ಲ, ಇಸ್ಪೀಟು ಆಡುವವರೇ ಇದನ್ನು ಹೇಳುವುದು. ಇನ್ನೊಂದು ಓದಿದವರದು: ಯುದ್ಧವನ್ನು ಆಟಿಕೆ ಮಾಡುತ್ತೀರಿ, ಸಾವಿಗೆ ಬಣ್ಣ ಬಳಿಯುತ್ತೀರಿ, ಅದೂ ವಸಾಹತುಶಾಹಿಯ ವಿಮಾನಕ್ಕೆ. ಇದು ಗಂಭೀರ ಮಾತು. ಅರ್ಧ ನಿಜವೂ ಹೌದು. ಎರಡನೇ ಮಹಾಯುದ್ಧದ ಕಾಲದಲ್ಲಿ ಈ ಅಳತೆಯ ಮಾದರಿಗಳನ್ನು ಶತ್ರುವಿನ ವಿಮಾನ ಗುರುತಿಸುವ ತರಬೇತಿಗೆಂದೇ ಮಾಡಿಸುತ್ತಿದ್ದರು. ಅಮೆರಿಕದಲ್ಲಿ 1942ರಲ್ಲಿ ಶಾಲೆಯ ಹುಡುಗರಿಂದ ಕಟ್ಟಿಗೆ ಕೆತ್ತಿಸಿ 1/72ರ ಮಾದರಿ ಮಾಡಿಸಿ ಸೈನ್ಯಕ್ಕೆ ಕಳಿಸಿದರು. ಯುದ್ಧ ಮುಗಿದ ಮೇಲೆ ಅದೇ ಅಳತೆ ಮಕ್ಕಳ ಅಂಗಡಿಗೆ ಬಂತು. 1950ರ ದಶಕದಲ್ಲಿ ಬ್ರಿಟನ್ನಿನ ಏರ್‌ಫಿಕ್ಸ್ ತನ್ನ ಮೊದಲ ವಿಮಾನದ ಕಿಟ್ ಹೊರತಂದಾಗ ಅದೂ ಸ್ಪಿಟ್‌ಫೈರೇ ಆಗಿತ್ತು. ಗೆದ್ದವರು ತಮ್ಮ ಗೆಲುವಿನ ಕತೆಯನ್ನು ಪೆಟ್ಟಿಗೆಯಲ್ಲಿ ಹಾಕಿ ಜಗತ್ತಿಗೆಲ್ಲ ಮಾರಿದರು ಎನ್ನುವುದರಲ್ಲಿ ಸುಳ್ಳಿಲ್ಲ. ಹಾಗಂತ ಪೆಟ್ಟಿಗೆಯನ್ನು ಮುಟ್ಟದೆ ಬಿಟ್ಟರೆ ಅವರ ಕತೆ ಅವರು ಹೇಳಿದಂತೆಯೇ ಉಳಿಯುತ್ತದೆ. ನನ್ನ ತಕರಾರು ಇರುವುದು ಇಲ್ಲಿಯೇ.

ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಇಂಗ್ಲೆಂಡಿನ ಹಸಿರು ಹೊಲ, ಮೋಡ, ಹೊಗೆ ಬಿಡುತ್ತ ಬೀಳುವ ಜರ್ಮನ್ ವಿಮಾನ. 1940ರ ಬೇಸಿಗೆ, ಬ್ಯಾಟಲ್ ಆಫ್ ಬ್ರಿಟನ್. ಸಣ್ಣ ದ್ವೀಪವೊಂದು ಒಂಟಿಯಾಗಿ ನಿಂತು ಹಿಟ್ಲರನನ್ನು ತಡೆಯಿತು ಎನ್ನುವ ಕತೆ. ಒಂಟಿಯಾಗಿ! ಆ ಬೇಸಿಗೆಯಲ್ಲಿ ಇಂಗ್ಲೆಂಡಿನ ದಕ್ಷಿಣ ತೀರದ ವಾರ್ಮ್‌ವೆಲ್ ಎಂಬ ನೆಲೆಯಿಂದ ಹಾರಿ ಪೋರ್ಟ್‌ಲೆಂಡಿನ ನೌಕಾನೆಲೆಯನ್ನು ಕಾದ ಸ್ಪಿಟ್‌ಫೈರ್ ದಳದ ಹೆಸರು 152 (ಹೈದರಾಬಾದ್) ಸ್ಕ್ವಾಡ್ರನ್. 1939ರ ಅಕ್ಟೋಬರ್ 1ರಂದು ಮತ್ತೆ ಕಟ್ಟಿದ ಈ ದಳಕ್ಕೆ ಹೈದರಾಬಾದಿನ ಹೆಸರು ಬಂದದ್ದು ನಿಜಾಮರ ಕಾಣಿಕೆಯಿಂದ. ದಳದ ಲಾಂಛನದಲ್ಲಿ ಇರುವುದು ನಿಜಾಮರ ಶಿರೋವಸ್ತ್ರ. ಕೆಳಗೆ ಬರೆದದ್ದು ‘ನಿಷ್ಠಾವಂತ ಮಿತ್ರ’ ಎಂಬ ಅರ್ಥದ ಇಂಗ್ಲಿಷ್ ಮಾತು.

ಇದು ಮೊದಲ ಸಲವೂ ಅಲ್ಲ. 1918ರಲ್ಲಿ 110ನೇ ಸ್ಕ್ವಾಡ್ರನ್ನಿನ ಡಿಎಚ್-9ಎ ಬಾಂಬರುಗಳು ಫ್ರಾನ್ಸಿಗೆ ಹೋದಾಗ ಅವುಗಳ ಮೈಮೇಲೆ ನಿಜಾಮರ ಕಾಣಿಕೆ ಎಂದು ಬರೆದಿತ್ತು. ಅವುಗಳಲ್ಲಿ ಒಂದು ಜರ್ಮನರ ಕೈಗೆ ಸಿಕ್ಕಿ, ಪೋಲೆಂಡಿನಲ್ಲಿ ಉಳಿದು, ಈಗ ಲಂಡನ್ನಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಮ್ಮಿನಲ್ಲಿ ನಿಂತಿದೆ.

‘ನಿಜಾಮರು ಕೊಟ್ಟರು’ ಎಂದು ಎಲ್ಲ ಪುಸ್ತಕಗಳೂ ಬರೆಯುತ್ತವೆ. ಮೀರ್ ಉಸ್ಮಾನ್ ಅಲಿ ಖಾನರು ಜಗತ್ತಿನ ಅತಿ ಶ್ರೀಮಂತ ಎಂದು 1937ರಲ್ಲಿ ಟೈಮ್ ಪತ್ರಿಕೆಯ ಮುಖಪುಟಕ್ಕೆ ಬಂದವರು, ಕೊಟ್ಟರೆ ಏನು ಆಶ್ಚರ್ಯ? ಆದರೆ ಅವರು ಹೊಲ ಉಳುತ್ತಿರಲಿಲ್ಲ. ಸಂಸ್ಥಾನದ ಭೂಮಿ ಕೆಲವು ಕಡೆ ದಿವಾನಿ, ಕೆಲವು ಕಡೆ ಪಾಯಗಾ, ಕೆಲವು ಕಡೆ ಜಹಗೀರು, ಮತ್ತೆ ಕೆಲವು ಕಡೆ ನಿಜಾಮರ ಸ್ವಂತ ಸರ್ಫ್-ಎ-ಖಾಸ್. ಅರಸರು ತಮ್ಮ ಸ್ವಂತ ಹಣ ಕೊಟ್ಟರು ಎಂದು ವಾದಿಸುವವರು ಉಂಟು. ಸ್ವಂತ ಹಣ ಎಂದರೆ ಸರ್ಫ್-ಎ-ಖಾಸಿನ ರೈತನ ಹಣ. ಖಜಾನೆಯ ಹಣ ಎಂದರೆ ದಿವಾನಿ ರೈತನ ಹಣ. ಹೆಸರು ಬೇರೆ, ಬೆವರು ಬೇರೆಯಲ್ಲ.

ನಮ್ಮ ಮುತ್ಯಾನ ಟ್ರಂಕಿನಲ್ಲಿ ಕಂದಾಯದ ರಸೀದಿಗಳ ಕಟ್ಟು ಇದೆ. ಉರ್ದು. ನಮ್ಮ ಮನೆಯಲ್ಲಿ ಯಾರಿಗೂ ಓದಲು ಬರುವುದಿಲ್ಲ. ಭಾಲ್ಕಿಯ ಹಿರಿಯ ಮಾಸ್ತರರೊಬ್ಬರು ಕನ್ನಡಕ ಒರೆಸಿ ಒರೆಸಿ ಓದಿ ಹೇಳಿದರು. ಅದರಲ್ಲೊಂದು ಫಸಲಿ 1349ರದು. ಹೈದರಾಬಾದಿನ ಫಸಲಿಗೆ 590 ಕೂಡಿಸಿದರೆ ಇಸವಿ ಸಿಗುತ್ತದೆ: 1939ರ ಅಕ್ಟೋಬರಿನಿಂದ 1940ರ ಅಕ್ಟೋಬರಿನವರೆಗೆ. ದಳ ಹುಟ್ಟಿದ್ದು, ಗ್ಲಾಡಿಯೇಟರ್ ಎಂಬ ಎರಡು ಅಂತಸ್ತಿನ ರೆಕ್ಕೆಯ ವಿಮಾನ ಬಿಟ್ಟು ಸ್ಪಿಟ್‌ಫೈರ್ ಹತ್ತಿದ್ದು, ವಾರ್ಮ್‌ವೆಲ್ಲಿಗೆ ಹೋಗಿ ಕಾದಿದ್ದು ಹೆಚ್ಚುಕಡಿಮೆ ಅದೇ ಫಸಲಿಯಲ್ಲಿ. ಮುತ್ಯಾ ಹಾಲಿ ಸಿಕ್ಕಾ ರೂಪಾಯಿ ಎಣಿಸಿ ಪಟವಾರಿಯ ಮುಂದೆ ಇಟ್ಟಾಗ ಅದರಲ್ಲೊಂದು ಪೈ ಇಂಗ್ಲೆಂಡಿನ ಆಕಾಶಕ್ಕೆ ಹೋಗುತ್ತದೆ ಎಂದು ಯಾರೂ ಅವನಿಗೆ ಹೇಳಲಿಲ್ಲ, ಕೇಳಲೂ ಇಲ್ಲ. ಅದೇ 1940ರಲ್ಲಿ ಬ್ರಿಟನ್ನಿನಲ್ಲಿ ಸ್ಪಿಟ್‌ಫೈರ್ ಫಂಡ್ ಎಂದು ಚಂದಾ ಎತ್ತುತ್ತಿದ್ದರು. 5,000 ಪೌಂಡ್ ಕೂಡಿಸಿದ ಊರಿನ ಹೆಸರು, ಸಂಘದ ಹೆಸರು ವಿಮಾನದ ಮೈಮೇಲೆ ಬರೆಯುತ್ತಿದ್ದರು. ಮನಸ್ಸಿನಿಂದ ಕೊಟ್ಟವರ ಹೆಸರು ಬಂತು. ಕೇಳದೆ ತೆಗೆದುಕೊಂಡವರ ಕಡೆಯಿಂದ ಅರಸನ ಹೆಸರು ಬಂತು. ಸಾಯಗಾಂವ ಎಲ್ಲಿಯೂ ಇಲ್ಲ.

ಮೈಸೂರಿನ ಗೆಳೆಯನೊಬ್ಬನಿಗೆ ಇದನ್ನು ಹೇಳಿದಾಗ ಅವನು ಉತ್ಸಾಹದಿಂದ ಇನ್ನೊಂದು ಚಿತ್ರ ಕಳಿಸಿದ. 1941ರಲ್ಲಿ ಹುಟ್ಟಿದ 129 (ಮೈಸೂರು) ಸ್ಕ್ವಾಡ್ರನ್, ಅದೂ ಸ್ಪಿಟ್‌ಫೈರಿನದೇ. ಲಾಂಛನದಲ್ಲಿ ಗಂಡಭೇರುಂಡ! ಕೆಳಗೆ ಅವನ ಒಕ್ಕಣೆ: ‘ಕನ್ನಡಿಗರ ಹೆಮ್ಮೆ’. ನಮ್ಮ ನಿಜಾಮರ ವಿಷಯಕ್ಕೆ ಬಂದಾಗ ಮಾತ್ರ ಅವನು ‘ಗುಲಾಮಗಿರಿ’ ಎಂದ. ನಾನು ಜಗಳ ತೆಗೆದೆ, ಈಗಲೂ ಬಿಟ್ಟಿಲ್ಲ. ಮೈಸೂರು ಅರಸರು ಕೊಟ್ಟರೆ ಔದಾರ್ಯ, ಹೈದರಾಬಾದಿನವರು ಕೊಟ್ಟರೆ ದಾಸ್ಯ. ಅಲ್ಲಿ ದೇವರಂಥ ಮಹಾರಾಜರು, ಇಲ್ಲಿ ಪರಕೀಯ ನವಾಬ. ಈ ತಕ್ಕಡಿಯಲ್ಲಿ ತೂಗುವುದು ಕೊಟ್ಟವನ ಧರ್ಮವನ್ನು, ಕೊಡಬೇಕಾಗಿ ಬಂದವನ ಹೊಲವನ್ನಲ್ಲ. ವ್ಯತ್ಯಾಸ ಹುಡುಕಲೇಬೇಕೆಂದರೆ ಬೇರೆ ಕಡೆ ಹುಡುಕಿ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರ ಜೊತೆ ಸೇರಿ ಮೈಸೂರು ಸರಕಾರ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ದುಡ್ಡು ಹಾಕಿತು. ಆ ದುಡ್ಡು ಊರಲ್ಲೇ ಉಳಿಯಿತು, ಎಚ್‌ಎಎಲ್ ಆಯಿತು, ಮೂರು ತಲೆಮಾರಿಗೆ ಕೆಲಸ ಕೊಟ್ಟಿತು. ಇವತ್ತು ಬೀದರ್ ವಾಯುನೆಲೆಯಿಂದ ಎದ್ದು ಹಾರುವ ಹಾಕ್ ವಿಮಾನಗಳೂ ಬ್ರಿಟಿಷ್ ವಿನ್ಯಾಸದವೇ, ಹೆಚ್ಚಿನವು ಬೆಂಗಳೂರಿನ ಆ ಕಾರ್ಖಾನೆಯಲ್ಲಿ ತಯಾರಾದವು. ಬೀದರಿನ ಪಾಲಿಗೆ ಬಂದದ್ದು ಸದ್ದು.

ಹಿಟ್ಲರನನ್ನು ಸೋಲಿಸಬೇಕಿತ್ತಲ್ಲವೇ ಎಂದು ಕೇಳುವವರಿಗೆ: ಬೇಕಿತ್ತು. ವಾರ್ಮ್‌ವೆಲ್ಲಿನಿಂದ ಹಾರಿದ ಇಪ್ಪತ್ತು ಇಪ್ಪತ್ತೆರಡರ ಹುಡುಗರ ಧೈರ್ಯದ ಬಗ್ಗೆ ನನಗೆ ಅನುಮಾನವಿಲ್ಲ, ಆ ಯುದ್ಧ ಸೋತಿದ್ದರೆ ಏನಾಗುತ್ತಿತ್ತು ಎಂಬುದರ ಬಗ್ಗೆಯೂ ಇಲ್ಲ. ಹಾಗಾದರೆ ಆ ಒಳ್ಳೆಯ ಕೆಲಸದಲ್ಲಿ ನಮ್ಮವರ ಪಾಲನ್ನು ಬರೆಯಲು ಇಷ್ಟು ಹಿಂಜರಿಕೆ ಏಕೆ? ಕೆಟ್ಟದಾಗಿದ್ದರೆ ನಮ್ಮ ತಲೆಗೆ ಕಟ್ಟುತ್ತಿದ್ದಿರಿ, ಒಳ್ಳೆಯದಾದ್ದರಿಂದ ಮುಚ್ಚಿಡುತ್ತೀರಿ. ಇದೇ ದಳ 1943ರ ಕೊನೆಗೆ ಭಾರತಕ್ಕೆ ಬಂದು ಬರ್ಮಾದ ರಂಗಕ್ಕೆ ಹೋಯಿತು. ಬಂಗಾಳದಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದ ವರ್ಷ ಅದು.

ಈಗ ಮೇಜಿಗೆ ಬರುತ್ತೇನೆ. ಸ್ಪಿಟ್‌ಫೈರಿನ ಬೆನ್ನಿಗೆ ಎರಡು ಬಣ್ಣ: ಕಡು ಹಸಿರು ಮತ್ತು ಡಾರ್ಕ್ ಅರ್ಥ್ ಎಂಬ ಮಣ್ಣಿನ ಬಣ್ಣ. ಹಂಬ್ರೋಲ್ ಡಬ್ಬಿಗಳಲ್ಲಿ 30 ಮತ್ತು 29. ಆ 29 ಇಂಗ್ಲೆಂಡಿನ ಮಣ್ಣು, ನಮ್ಮ ಎರೆಯೂ ಅಲ್ಲ, ಬೀದರ್ ಕೋಟೆಯ ಸುತ್ತಲಿನ ಕೆಂಪು ಜಂಬಿಟ್ಟಿಗೆಯೂ ಅಲ್ಲ. ಬಣ್ಣ ಬದಲಿಸಬಾರದು, ಇತಿಹಾಸ ಇದ್ದಂತೆ ಇರಬೇಕು. ಬದಲಿಸಬೇಕಾದ್ದು ಅಕ್ಷರ. ಒಡಲಿನ ಮೇಲಿನ ವೃತ್ತದ ಒಂದು ಪಕ್ಕಕ್ಕೆ ದಳದ ಎರಡಕ್ಷರದ ಗುರುತು ಬರುತ್ತದೆ. 152ರ ಗುರುತು ಯುಎಂ, ಮೈಸೂರು ದಳದ್ದು ಡಿವಿ. ನನ್ನ ಪೆಟ್ಟಿಗೆಯ ಹಾಳೆಯಲ್ಲಿ ಇವೆರಡೂ ಇರಲಿಲ್ಲ. ಬೇರೆ ಹಾಳೆಗಳ ಉಳಿಕೆಯಿಂದ ಒಂದೊಂದೇ ಅಕ್ಷರ ಕತ್ತರಿಸಿ, ಚಿಮಟಿಗೆಯಲ್ಲಿ ಹಿಡಿದು ಕೂರಿಸಿದೆ. ‘ಎಂ’ ಸಿಗದೆ ಎರಡು ವಾರ ಕಾದೆ. ಎರಡಕ್ಷರ ಕಂಡವರಿಗೆ ಹೈದರಾಬಾದ್ ಹೊಳೆಯುವುದಿಲ್ಲವಾದ್ದರಿಂದ ಕಟ್ಟಿಗೆಯ ಪೀಠದ ಮೇಲೆ ಫಲಕ ಹಚ್ಚಿದೆ: ‘ಸ್ಪಿಟ್‌ಫೈರ್, 152 (ಹೈದರಾಬಾದ್) ಸ್ಕ್ವಾಡ್ರನ್, 1940. ಬೀದರ್ ಜಿಲ್ಲೆಯನ್ನೂ ಒಳಗೊಂಡ ನಿಜಾಮ್ ಸಂಸ್ಥಾನದ ರೈತರ ಕಂದಾಯದಿಂದ.’

ದೊಡ್ಡ ಊರಿನ ಮಾದರಿ ಪ್ರದರ್ಶನವೊಂದಕ್ಕೆ ಇದನ್ನು ಹತ್ತಿಯಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ದೆ. ಅಲ್ಲಿಯವರು ರೆಕ್ಕೆಯ ಸಂದು ನೋಡಿದರು, ಹೊಟ್ಟೆಯ ಕೆಳಗಿನ ಬಣ್ಣ 1940ರ ಆಗಸ್ಟಿಗೆ ಸರಿಯೋ ಅಲ್ಲವೋ ಎಂದು ಇಪ್ಪತ್ತು ನಿಮಿಷ ಚರ್ಚಿಸಿದರು. ಕೊನೆಗೆ ಒಬ್ಬರು ನಯವಾಗಿ, ‘ಸರ್, ಆ ಕೊನೇ ಸಾಲು ತೆಗೀರಿ, ಹಾಬಿಯಲ್ಲಿ ಪಾಲಿಟಿಕ್ಸ್ ಬೇಡ’ ಎಂದರು. ನಾನು ಸಾಲು ತೆಗೆಯಲಿಲ್ಲ, ಮಾದರಿಯನ್ನೇ ತೆಗೆದುಕೊಂಡು ಬಂದೆ. ತಳದ ಬಣ್ಣದ ಒಂದು ಛಾಯೆ ತಪ್ಪಿದರೆ ಇತಿಹಾಸಕ್ಕೆ ಅಪಚಾರ, ದುಡ್ಡು ಕೊಟ್ಟವನ ಹೆಸರು ಬರೆದರೆ ರಾಜಕೀಯ! ಮೊಳೆಯ ತಲೆ ಎಣಿಸುವಷ್ಟು ನಿಖರತೆ ಇರುವವರು ಲೆಕ್ಕದ ಪುಸ್ತಕ ತೆರೆದ ಕೂಡಲೇ ಕಣ್ಣು ಮುಚ್ಚುತ್ತಾರೆ. ನಮ್ಮ ಸಾಹಿತ್ಯದವರೂ ಕಡಿಮೆಯಿಲ್ಲ. ಅವರಿಗೆ ನಮ್ಮ ಭಾಗದ ಇತಿಹಾಸ ರಜಾಕಾರರಿಂದ ಶುರುವಾಗಿ ಸೆಪ್ಟೆಂಬರ್ 17ಕ್ಕೆ ಮುಗಿಯುತ್ತದೆ. ಮಹಾಯುದ್ಧ ಅವರ ಪಾಲಿಗೆ ಯುರೋಪಿನ ಕಾದಂಬರಿಯ ವಸ್ತು. ಲೆವಿ ಎಂದು ಕಣದಿಂದಲೇ ಕಾಳು ಎತ್ತಿಕೊಂಡು ಹೋದ ಆ ವರ್ಷಗಳ ಬಗ್ಗೆ ಕೇಳಬೇಕಿದ್ದ ಮುದುಕರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ಆದ್ದರಿಂದ ಕನ್ನಡದಲ್ಲಿ ಮಾದರಿ ಕಟ್ಟುವ ಹುಡುಗರಿಗೆ, ಕಾಲೇಜಿನ ಹುಡುಗಿಯರಿಗೆ ನನ್ನ ಒತ್ತಾಯ ಇಷ್ಟು. ಸ್ಪಿಟ್‌ಫೈರ್ ಕಟ್ಟಿದರೆ ಯುಎಂ ಇಲ್ಲವೇ ಡಿವಿ ಕಟ್ಟಿ. ಫಲಕ ಕನ್ನಡದಲ್ಲಿರಲಿ. ಹೆಮ್ಮೆ ಎಂದೂ ಬರೆಯಬೇಡಿ, ನಾಚಿಕೆ ಎಂದೂ ಬರೆಯಬೇಡಿ. ಯಾರ ದುಡ್ಡು ಎಂದು ಬರೆಯಿರಿ.

ನನ್ನ ಮುಂದಿನ ಪೆಟ್ಟಿಗೆ ಟೆಂಪೆಸ್ಟ್. ಅದೂ ಬ್ರಿಟನ್ನಿನ ಯುದ್ಧವಿಮಾನ. 1948ರ ಸೆಪ್ಟೆಂಬರಿನ ಪೊಲೀಸ್ ಆಕ್ಷನ್ನಿನಲ್ಲಿ ಭಾರತೀಯ ವಾಯುಪಡೆ ಹೈದರಾಬಾದ್ ಸಂಸ್ಥಾನದ ಮೇಲೆ ಹಾರಿಸಿದ್ದು ಇದನ್ನೇ. ಅದಕ್ಕೆ ಮುಂಚೆ ಕರಾಚಿಯಿಂದ ವಿಮಾನದಲ್ಲಿ ನಿಜಾಮರಿಗೆ ಕದ್ದು ಬಂದೂಕು ತಂದುಕೊಟ್ಟವನು ಸಿಡ್ನಿ ಕಾಟನ್. ಯುದ್ಧದ ಶುರುವಿನಲ್ಲಿ ಸ್ಪಿಟ್‌ಫೈರಿಗೆ ಕ್ಯಾಮೆರಾ ಕಟ್ಟಿ ಎತ್ತರದಿಂದ ಫೋಟೊ ತೆಗೆಯಬಹುದು ಎಂದು ಇಂಗ್ಲಿಷರನ್ನು ಒಪ್ಪಿಸಿದವನೂ ಅವನೇ. ನಿಷ್ಠಾವಂತ ಮಿತ್ರನಿಗೆ ಕಷ್ಟ ಬಂದಾಗ ಲಂಡನ್ ಕೈ ಎತ್ತಿತು, ಒಬ್ಬ ಕಳ್ಳಸಾಗಣೆದಾರ ಉಳಿದ. ಟೆಂಪೆಸ್ಟಿನ ಫಲಕಕ್ಕೆ ‘ವಿಮೋಚನೆ’ ಎಂದು ಬರೆ ಎನ್ನುತ್ತಾರೆ ಕಾಕಾ. ಆಕ್ಷನ್ ಆದ ಮೇಲಿನ ದಿನಗಳಲ್ಲಿ ಸುಂದರಲಾಲ್ ಸಮಿತಿ ಬಂದು ನೋಡಿ, ಮುಸ್ಲಿಮರ ಹತ್ಯೆ ಅತಿ ಹೆಚ್ಚು ನಡೆದ ಜಿಲ್ಲೆಗಳಲ್ಲಿ ಬೀದರನ್ನೂ ಎಣಿಸಿತ್ತು; ಆ ವರದಿ ದಶಕಗಟ್ಟಲೆ ಹೊರಗೇ ಬರಲಿಲ್ಲ. ಆಗ ಎಂಟು ವರ್ಷದವಳಾಗಿದ್ದ ನಮ್ಮ ಆಯಿ ಕಾಕಾನ ಮಾತು ಕೇಳಿ, ‘ನಮ್ಮ ಬಾಜೂ ಮನಿಯಾಗ ಯಾರಿದ್ರಂತ ಅದನ್ನೂ ಬರಸು ಮತ್ತ’ ಎಂದಳು. ಪೆಟ್ಟಿಗೆ ಇನ್ನೂ ತೆರೆದಿಲ್ಲ.