ಪದವಿಯು ಬರಿಯ ಮೆಟ್ಟಿಲೇ?



ಮುಂದೆ ಎಂ.ಬಿ.ಎ. ಓದಬೇಕಾದವರು ಮೊದಲು ಬಿ.ಬಿ.ಎ.ಯನ್ನೋ ಇಂಜಿನಿಯರಿಂಗನ್ನೋ ಓದಲೇಬೇಕೆಂಬ ಭ್ರಮೆ ನಮ್ಮ ಮನೆಗಳಲ್ಲಿ ಬೇರೂರಿದೆ. ಇತಿಹಾಸದಲ್ಲಿ ಒಲವುಳ್ಳ ಮಗಳನ್ನು ಈ ಭ್ರಮೆಗೆ ಬಲಿಕೊಡುವುದು ನ್ಯಾಯವೇ?

1973ರಲ್ಲಿ ಆರಂಭವಾದ ಬೆಂಗಳೂರಿನ ಐ.ಐ.ಎಂ. ಮೊದಲಾದ ಸಂಸ್ಥೆಗಳ ಪ್ರವೇಶಕ್ಕೆ ನಡೆಯುವ ಕ್ಯಾಟ್ ಪರೀಕ್ಷೆಗೆ ಯಾವ ವಿಷಯದ ಪದವಿಯಾದರೂ ಸಲ್ಲುತ್ತದೆ. ಶೇ. 50 ಅಂಕಗಳಿದ್ದರೆ ಸಾಕು, ಪರಿಶಿಷ್ಟರಿಗೆ ಶೇ. 45. ಅಲ್ಲಿ ಒರೆಗೆ ಹಚ್ಚುವುದು ಇಂಗ್ಲಿಷ್, ತರ್ಕ, ಗಣಿತಗಳನ್ನೇ ಹೊರತು ವಾಣಿಜ್ಯಶಾಸ್ತ್ರವನ್ನಲ್ಲ. ಲೆಕ್ಕಶಾಸ್ತ್ರದ ಮೊದಲ ಪಾಠವನ್ನು ಎಂ.ಬಿ.ಎ.ಯ ಪ್ರಥಮ ವರ್ಷದಲ್ಲಿಯೇ ಬೋಧಿಸುತ್ತಾರೆ. ಅದನ್ನೇ ಎರಡು ಸಲ ಓದಿಸಿ ಬೇರೊಂದು ವಿದ್ಯೆಯನ್ನು ಕಳೆದುಕೊಳ್ಳುವುದು ಜಾಣತನವೇ?

“ಬಿ.ಕಾಂ. ಆದವನಿಗೆ ಕೆಲಸವಾದರೂ ಸಿಕ್ಕೀತು” ಎನ್ನುವಿರಿ. ಒಲವುಳ್ಳವರು ಅದನ್ನೇ ಓದಲಿ. ನಮ್ಮ ಆಕ್ಷೇಪವಿರುವುದು ಒತ್ತಾಯಕ್ಕೆ. ಒಲ್ಲದ ವಿಷಯದಲ್ಲಿ ಅಂಕ ಕುಗ್ಗಿದರೆ ಮುಂದಿನ ಬಾಗಿಲೂ ಮುಚ್ಚೀತು. ಎಂ.ಬಿ.ಎ. ಕೈಗೂಡದಿದ್ದರೆ ಬಾಳಿಗೆ ಉಳಿಯುವುದು ಆ ಪದವಿಯೊಂದೇ.

ಬಿಜ್ಜಳನ ಭಂಡಾರವನ್ನು ನಿರ್ವಹಿಸಿದ ಅಣ್ಣ ಬಸವಣ್ಣನವರು ಕಾಯಕಗಳಲ್ಲಿ ಮೇಲುಕೀಳೆಣಿಸಲಿಲ್ಲ. ವಿದ್ಯೆಗಳಲ್ಲಿ ನಾವೇಕೆ ಎಣಿಸಬೇಕು?

ಮಠದ ಪ್ರಸಾದನಿಲಯದಲ್ಲಿ ಓದಿ ಮುಂದೆ ಬಂದ ಹಿರಿಯ ವಿದ್ಯಾರ್ಥಿಗಳೇ, ನಿಮ್ಮೂರಿನ ತಂದೆತಾಯಿಗಳಿಗೆ ಈ ಮಾತನ್ನು ಮುಟ್ಟಿಸಿರಿ. ಕಾಲೇಜಿನ ಅರ್ಜಿಯನ್ನು ತುಂಬುವ ಮುನ್ನ ಮಗುವನ್ನೊಮ್ಮೆ ಕೇಳಲಿ.